ಎಡವಟ್ಟಕ್ಕ ಮತ್ತು ಗಾಜಿನ ಮೇಜು

ನನ್ನ ಅತ್ತೆಗೆ ಎಡವಟ್ಟಕ್ಕ ಅಂತ ಹೆಸರಿಟ್ಟವನು ಅವಳ ತಮ್ಮ, ಅಂದರೆ ನನ್ನ ಅಪ್ಪ. ಹೊಸ್ತಿಲು ಕಂಡರೆ ಎಡವುತ್ತಿದ್ದಳು, ಲೋಟ ಹಿಡಿದರೆ ಬೀಳಿಸುತ್ತಿದ್ದಳು, ಸುಳ್ಳೇನಲ್ಲ. ಆದರೆ ತಾತನದು ಗಾಜಿನ ಅಂಗಡಿ. ಕಿಟಕಿಗೆ, ಕನ್ನಡಿಗೆ, ಫೋಟೋ ಚೌಕಟ್ಟಿಗೆ ಅಳತೆಗೆ ತಕ್ಕಂತೆ ಗಾಜು ಕತ್ತರಿಸಿ ಕೊಡುವ ಮನೆಯಲ್ಲಿ ಅಂಥವಳು ಹುಟ್ಟಿದ್ದೇ ಅಪರಾಧ ಎಂಬಂತೆ ಎಲ್ಲರೂ ನಡೆದುಕೊಂಡರು. ಕತ್ತರಿಸುವ ಮೇಜಿನ ಹತ್ತಿರ ಸುಳಿಯಕೂಡದು ಎಂದು ಅಪ್ಪಣೆಯಾಯಿತು. ಅವಳಿಗೋ ಬೇಕಾಗಿದ್ದದ್ದು ಆ ಮೇಜೊಂದೇ. ಗಾಜಿನ ಮೇಲೆ ಕಟರ್ ಕಿರ್ರೆಂದು ಓಡುವ ಸದ್ದು ಕೇಳಿದರೆ ಊಟ ಬಿಟ್ಟು ಎದ್ದು ಬರುತ್ತಿದ್ದಳಂತೆ.

ಶಾಲೆಯಲ್ಲಿ ಡ್ರಿಲ್ ಮಾಸ್ತರು ಚೆಂಡು ಎಸೆದು ಹಿಡಿ ಅಂದರು. ಹಿಡಿಯಲಿಲ್ಲ. "ಹುಟ್ಟುಗುಣ ಸುಟ್ಟರೂ ಹೋಗಲ್ಲ. ಕೈಕಾಲಿನ ಚುರುಕು ರಕ್ತದಲ್ಲೇ ಬರಬೇಕು," ಎಂದು ಮರದ ಕೆಳಗೆ ಕೂರಿಸಿದರು. ಅವರೊಬ್ಬರನ್ನೇ ಬೈದು ಏನು ಬಂತು? ಆಗ ಎಷ್ಟೋ ಜನ ಹಾಗೇ ನಂಬಿದ್ದರು. ಅಜ್ಜಿ ಡಾಕ್ಟರ ಬಳಿ ಕರೆದೊಯ್ದರೆ ಅವರದು ಇನ್ನೊಂದು ರಾಗ: "ಹಲ್ಲು ಬಂದ ಹಾಗೆ ಇದೂ ವಯಸ್ಸಿಗೆ ತಾನಾಗೇ ಬರುತ್ತಮ್ಮ. ಕಾಯಿರಿ."

ಅತ್ತೆ ಕಾದಳು. ವಯಸ್ಸು ಬಂತು, ತಲೆ ನರೆಯಿತು, ಚುರುಕು ಮಾತ್ರ ಬರಲಿಲ್ಲ. ಅಂಗಡಿಯ ಮುಂದೆ ಕೂತು ಫೋನು ಎತ್ತುವುದೇ ಅವಳ ಕೆಲಸವಾಯಿತು.

ನಾನು ಆಟದ ಟೀಚರ್ ಆಗಲು ಓದುತ್ತಿದ್ದೆ. ಒಂದು ಮಧ್ಯಾಹ್ನ ಅಂಗಡಿಯಲ್ಲಿ ಕೂತು ಕಾಲೇಜಿನ ಪಾಠವನ್ನು ಅವಳಿಗೆ ಒಪ್ಪಿಸಿದೆ. ಮೊದಲು ಕೈಕಾಲಿನ ಚುರುಕೆಲ್ಲ ಹುಟ್ಟಿನಿಂದ ಅಂದರು, ಆಮೇಲೆ ವಯಸ್ಸಿನಿಂದ ಅಂದರು, ಈಗ ಹಾಗನ್ನುವುದಿಲ್ಲ ಅತ್ತೆ, ಎಂದೆ. ಚೆಂಡು ಹಿಡಿಯಲು ಬಾರದ ಕೈಗೆ ಇನ್ನೊಂದು ಕೆಲಸವೂ ಬಾರದು ಎಂದೇನಿಲ್ಲ. ಮಾಡುವವರ ಮೈ, ಮಾಡುವ ಕೆಲಸ, ಮಾಡುವ ಜಾಗ ಮೂರನ್ನೂ ಒಟ್ಟಿಗೆ ನೋಡಬೇಕು. ನಿನ್ನಿಂದಾಗದು ಎಂದು ನಂಬಿಸಿಬಿಟ್ಟರೆ ಮಗು ಕೈಯೇ ಹಾಕುವುದಿಲ್ಲ, ಕೈ ಹಾಕದೆ ಕಲಿಯುವುದೂ ಇಲ್ಲ.

ಅತ್ತೆ ನನ್ನನ್ನೇ ನೋಡಿದಳು. "ಹಾಗಾದ್ರೆ ನಾನು ಇಷ್ಟು ವರ್ಷ ಕಾದದ್ದು ದಂಡಾನಾ?"

 

ಅಷ್ಟರಲ್ಲಿ ತಾತನ ಕೈ ನಡುಗಲು ಶುರುವಾಗಿತ್ತು. ಅಪ್ಪ ಒಬ್ಬನಿಂದ ಅಂಗಡಿ ನಿಭಾಯಿಸಲಾಗದೆ, ಹೊರಗಿನವನೊಬ್ಬನನ್ನು ಕರೆಸುವ ಮಾತಾಗಿತ್ತು. ಅವನು ಬಂದನೆಂದರೆ ಮೇಜು ಅತ್ತೆಯ ಕೈತಪ್ಪಿದಂತೆಯೇ. ಮರುದಿನ ಬೆಳಗ್ಗೆ ಅವಳು ಗರಗಸ ತಂದು ಮೇಜಿನ ಕಾಲುಗಳನ್ನು ಗಿಡ್ಡ ಮಾಡತೊಡಗಿದಳು. ಉದ್ದನೆಯ ತಾತನಿಗೆಂದು ಮಾಡಿಸಿದ ಮೇಜು ಅವಳ ಎದೆಮಟ್ಟ ಬರುತ್ತಿತ್ತು.

ಅಪ್ಪ ಓಡಿ ಬಂದ. "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಳಂತೆ!"

"ಡೊಂಕಿರೋ ನೆಲಾನ ಡೊಂಕು ಅನ್ನದೆ ಇನ್ನೇನು ಅನ್ಲಿ? ಆ ಕಡೆ ಹಿಡ್ಕೊಳೋ, ಅಲ್ಲಾಡ್ತಿದೆ."

ತಮ್ಮನಿಗೆ ಅಪ್ಪಣೆ ಕೊಡುವ ಅಕ್ಕನ ದನಿ ಅದು. ಅಪ್ಪ ತೆಪ್ಪಗೆ ಹಿಡಿದುಕೊಂಡ.

ಮೇಜು ತಗ್ಗಿತು. ಅತ್ತೆ ಗಾಜಿನ ಹಾಳೆ ಹಾಸಿ, ಅಳತೆಪಟ್ಟಿ ಒತ್ತಿ ಹಿಡಿದು ಕಟರ್ ಎಳೆದಳು. ಗೆರೆಯನ್ನು ನಿಲ್ಲಿಸದೆ ಒಂದೇ ಸಲಕ್ಕೆ ಎಳೆಯಬೇಕು. ಅರ್ಧಕ್ಕೆ ಹೆದರಿ ಕೈ ತಡೆದಳು. ಗೆರೆಯನ್ನು ಮೇಜಿನ ಅಂಚಿಗೆ ತಂದು ಅದುಮಿದಾಗ ಗಾಜು ಗೆರೆ ಬಿಟ್ಟು ಸೊಟ್ಟಗೆ ಒಡೆದು ಅರ್ಧ ನೆಲಕ್ಕೆ ಬಿತ್ತು.

"ನಾನು ಹೇಳ್ಲಿಲ್ವಾ?" ಅಂದ ಅಪ್ಪ. "ಹುಟ್ಟಿದಾಗಿಂದ ಇದೇ ಕತೆ."

ಅತ್ತೆ ಅವನ ಕಡೆ ತಿರುಗಲೇ ಇಲ್ಲ. ಮೂಲೆಯ ಕುರ್ಚಿಯಲ್ಲಿದ್ದ ತಾತನನ್ನು ಕೇಳಿದಳು: "ಅಪ್ಪಾ, ಇವನು ಕಲಿಯೋವಾಗ ಎಷ್ಟು ಒಡೆದ?"

"ಯಾರಮ್ಮ ಲೆಕ್ಕ ಇಡ್ತಾರೆ? ಕಲಿಯೋನು ಒಡೀದೆ ಇರ್ತಾನಾ?"

"ಅವನು ಒಡೆದ್ರೆ ಕಲಿತಾ ಇದಾನೆ. ನಾನು ಒಡೆದ್ರೆ ಹುಟ್ಟುಗುಣ. ಇದ್ಯಾವ ನ್ಯಾಯ? ನನ್ನದೂ ಲೆಕ್ಕ ಇಡಬೇಡ. ಇನ್ನೊಂದು ಕೊಡು."

ತಾತ ನಿಧಾನವಾಗಿ ಎದ್ದ. ನಡುಗುವ ಕೈಯಲ್ಲೇ ಇನ್ನೊಂದು ಹಾಳೆ ತಂದು ಮೇಜಿನ ಮೇಲಿಟ್ಟ.

ಅದೂ ಒಡೆಯಿತು.

ಮೂರನೆಯದಕ್ಕೆ ಅತ್ತೆ ಯಾರನ್ನೂ ಕೇಳಲಿಲ್ಲ. ತಾನೇ ತಂದು ಹಾಸಿದಳು.