ಓನರಮ್ಮ ಬರೆಸದೆ ಬಿಟ್ಟ ಹೆಸರು

ನಮ್ಮ ಓನರಮ್ಮನ ಬಲಗೈ ಕಿರುಬೆರಳು ಮಡಚುತ್ತಿರಲಿಲ್ಲ. ಯಾವಾಗಲೋ ಗೇಟಿಗೆ ಸಿಕ್ಕು ಮುರಿದದ್ದು ಹಾಗೇ ಸೊಟ್ಟಗೆ ಕೂಡಿಕೊಂಡಿತ್ತು. ನಾನು ಮನೆ ನೋಡಲು ಹೋದ ದಿನ "ಇದು ಅಡಿಗಿ ಮನಿ, ಅದು ಬಚ್ಚಲ" ಎಂದು ಅವರು ತೋರುಬೆರಳಲ್ಲಿ ತೋರಿಸುತ್ತಿದ್ದರೆ, ಆ ಕಿರುಬೆರಳು ಮಾತ್ರ ಗೇಟಿನ ಕಡೆ ಚಾಚಿಕೊಂಡು 'ಹೊರಡಮ್ಮ ತಾಯಿ' ಅನ್ನುತ್ತಿತ್ತು. ನಾನು ಹೊರಡಲಿಲ್ಲ. ಹಗರಿಬೊಮ್ಮನಹಳ್ಳಿಯ ಹೈಸ್ಕೂಲಿಗೆ ವರ್ಗವಾಗಿ ಬಂದ ಒಂಟಿ ಹೆಂಗಸಿಗೆ ಆವರೆಗೆ ಯಾರೂ ಮನೆ ಕೊಟ್ಟಿರಲಿಲ್ಲ. ಇವರು ಕೊಟ್ಟರು. ಯಾವ ಊರು ಅಂದರು, ಹರಪನಹಳ್ಳಿ ಕಡೆ ಅರಸೀಕೆರೆ ಅಂದೆ. "ನೀರು ನೋಡಿ ಬಳಸ್ರಿ ಮೇಡಂ, ಮಾತೂ ನೋಡಿ ಬಳಸ್ರಿ" ಅಂದರು. ನಮ್ಮ ನಡುವಿನ ಕರಾರು ಅಷ್ಟೇ.

ಮೇಲಿನ ಮನೆ ನನ್ನದಾಯಿತು. ಕೆಳಗೆ ಮುಂದಿನ ಭಾಗದಲ್ಲಿ ಅವರಿದ್ದರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಆದರೆ ಅಯ್ಯೋ ಪಾಪ ಅನ್ನುವ ಹಾಗೇನೂ ಇರಲಿಲ್ಲ ನೋಡಿ! ಸಂಜೆ ದೀಪ ಹಚ್ಚಿ, ಹಣೆಗೆ ವಿಭೂತಿ ಎಳೆದುಕೊಂಡು ಕಟ್ಟೆಯ ಮೇಲೆ ಕೂತರೆ ಓಣಿಯಲ್ಲಿ ಹಾದು ಹೋಗುವವರೆಲ್ಲ "ಯಾರ ಮನಿಗ್ರಿ?" ಎಂಬ ಪ್ರಶ್ನೆಗೆ ಉತ್ತರ ಕೊಟ್ಟೇ ಮುಂದೆ ಹೋಗಬೇಕು. ಸರ್ಕಾರದವರು ಏನು ಹೇಳಿದರೂ ಅವರಿಗೆ ಅದು ಶಿವನ ಅಪ್ಪಣೆ. ಹಸಿ ಕಸಕ್ಕೊಂದು ಬಕೆಟ್ಟು, ಒಣ ಕಸಕ್ಕೊಂದು ಬಕೆಟ್ಟು. ನಾನೊಮ್ಮೆ ಈರುಳ್ಳಿ ಸಿಪ್ಪೆಯನ್ನು ಒಣ ಕಸಕ್ಕೆ ಹಾಕಿದ್ದಕ್ಕೆ ಮೇಲೆ ಹತ್ತಿ ಬಂದು, "ನಿಯಮ ಅಂದ್ರ ನಿಯಮರಿ ಮೇಡಂ" ಎಂದು ಮೆತ್ತಗೆ ಹೇಳಿ ಇಳಿದು ಹೋದರು.

ಆ ಮೆತ್ತಗೆ ಎಂಬುದೇ ನನ್ನ ದುಃಖ. ಅದು ಗೊತ್ತಾದದ್ದು ನರ್ಸ್ ಬಂದ ಮೇಲೆ.

ಮಾಗಳದ ಹುಡುಗಿ ಅವಳು. ಇಲ್ಲಿಯ ನರ್ಸಿಂಗ್ ಹೋಮಿನಲ್ಲಿ ಕೆಲಸ ಸಿಕ್ಕಿ, ಕೆಳಗೆ ಹಿಂದಿನ ಭಾಗಕ್ಕೆ ಬಾಡಿಗೆಗೆ ಬಂದಳು. ಗೇಟು ಹಾಕುವುದಿಲ್ಲ, ನಲ್ಲಿ ನಿಲ್ಲಿಸುವುದಿಲ್ಲ, ಹಸಿ ಕಸ ಒಣ ಕಸ ಎಲ್ಲ ಒಂದೇ ಅವಳಿಗೆ. ಓನರಮ್ಮ ಅಂಗಳದಲ್ಲಿ ನಿಂತು "ಲೇ ಎಮ್ಮಿ, ಗೇಟ್ ಯಾರ್ ಹಾಕ್ತಾರಲೇ, ನಿಮ್ಮಪ್ಪ ಬರ್ತಾನೇನು?" ಎಂದು ಕೂಗುವರು. ಅವಳು ಕಿಸಕ್ಕನೆ ನಕ್ಕು ಸೀದಾ ಅವರ ಅಡುಗೆ ಮನೆಗೆ ನುಗ್ಗಿ ರೊಟ್ಟಿ ಬುಟ್ಟಿಗೆ ಕೈ ಹಾಕುವಳು. ನನಗೋ, ಹಬ್ಬಕ್ಕೆ ಹೋಳಿಗೆ ಬಂದರೆ ತಟ್ಟೆಯ ಮೇಲೆ ತಟ್ಟೆ ಮುಚ್ಚಿ, "ತಗೊಳ್ರಿ ಮೇಡಂ". ಆ ತಟ್ಟೆ ತೊಳೆದು ವಾಪಸು ಕೊಡಬೇಕು. ಮುಂಚೆ ಬಂದ ಕಿವಿಗಿಂತ ಆಮೇಲೆ ಬಂದ ಕೋಡೇ ಹೆಚ್ಚು ಅನ್ನುತ್ತಾರಲ್ಲ, ಆ ಕಿವಿ ನಾನು. ಒಮ್ಮೆ ಬೇಕಂತಲೇ ಗೇಟು ಹಾರು ಹೊಡೆದು ಹೋದೆ, ನನ್ನನ್ನೂ ಬೈಯಲಿ ಅಂತ. ಅವರೇ ಎದ್ದು ಬಂದು ಹಾಕಿಕೊಂಡರು, ಚಕಾರ ಎತ್ತಲಿಲ್ಲ.

ದಿನಾ ಸಂಜೆ ಅವಳು ಅವರ ಬಿ.ಪಿ. ನೋಡುತ್ತಿದ್ದಳು. ಅದೇನು ಮಹಾ ವಿದ್ಯೆ ಅಂತ ನಾನೂ ದಾವಣಗೆರೆಗೆ ಹೋದಾಗ ಒಂದು ಮಷಿನ್ನು ತಂದೆ. ತೋಳಿಗೆ ಕಟ್ಟಿ ನೋಡಿದರೆ, "ಯಾಕೋ ನಿಮ್ದು ಜಾಸ್ತಿ ತೋರಸ್ತೈತ್ರಿ. ಅಕಿ ಬರ್ಲಿ ಬಿಡ್ರಿ" ಅಂದರು. ಆ ಮಷಿನ್ನು ಆಮೇಲೆ ನನಗೇ ಬೇಕಾಯಿತು ಅನ್ನಿ.

ಹೀಗಿರುವಾಗ ಒಂದು ದಿನ ಪೊಲೀಸರು ಆಟೋಕ್ಕೆ ಮೈಕು ಕಟ್ಟಿಕೊಂಡು ಕೂಗಿಸುತ್ತ ಬಂದರು. ಹೊಸ ಬಡಾವಣೆಯಲ್ಲಿ ಕಳ್ಳತನವಾಗಿತ್ತು. ಮನೆ ಬಾಡಿಗೆಗೆ ಕೊಟ್ಟವರೆಲ್ಲ ಬಾಡಿಗೆದಾರರ ಆಧಾರ್, ಫೋಟೊ, ಫೋನ್ ನಂಬರು ಪೊಲೀಸ್ ಠಾಣೆಗೆ ಕೊಡಬೇಕು, ಕೊಡದಿದ್ದರೆ ಮಾಲೀಕರ ಮೇಲೆ ಕೇಸು. ಓನರಮ್ಮ ಮರುದಿನವೇ ಇಳಕಲ್ ಸೀರೆ ಉಟ್ಟು ತಯಾರು! ಓಣಿಯಲ್ಲಿ ಮೊದಲು ಹೋದವರು ಅವರೂ ನಾನೂ.

ಠಾಣೆಯಲ್ಲಿ ವಯಸ್ಸಾದ ಹವಾಲ್ದಾರರೊಬ್ಬರು ನನ್ನ ವಿವರವೆಲ್ಲ ಬರೆದುಕೊಂಡು, "ಕೆಳಗ ಇನ್ನೊಬ್ರು ಹೆಣ್ಮಗಳು ಅದಾರಂತಲ್ಲ ಅಮ್ಮಾ, ಅವರ್ದು?" ಎಂದು ಕೇಳಿದರು.

"ಅಕಿ ನನ್ ಮಗಳ್ರಿ. ಹೊಟ್ಟೀಲೆ ಹುಟ್ಟಿಲ್ಲ ಅಷ್ಟ. ಮನಿ ಮಗಳನ್ನ ಯಾರಾರ ಸ್ಟೇಷನ್ನಿಗೆ ಬಂದು ಬರಸ್ತಾರೇನ್ರಿ?" ಅಂದರು ಓನರಮ್ಮ.

ಹವಾಲ್ದಾರರು ನಕ್ಕು ಪೆನ್ನು ಮುಚ್ಚಿದರು. ಇಬ್ಬರಿಂದಲೂ ಬಾಡಿಗೆಯನ್ನು ಕೈಗೇ ಎಣಿಸಿಕೊಳ್ಳುವವರು ಇವರು, ಅದರಲ್ಲಿ ಮಗಳಿಗೇನೂ ರಿಯಾಯಿತಿ ಇರಲಿಲ್ಲ. ವಾಪಸು ಬರುವಾಗ ತಡೆಯಲಾರದೆ ಕೇಳಿಯೇಬಿಟ್ಟೆ: "ನಿಯಮ ಅಂದ್ರ ನಿಯಮ ಅಂತಿದ್ರಲ್ಲ ಅಮ್ಮಾ?"

"ನಿಮಗೇನ್ ಕಡಿಮಿ ಆತ್ರಿ ಮೇಡಂ?" ಅಂದರು. ಏನು ಕಡಿಮೆಯಾಯಿತು ಎಂದು ಹೇಳಲಿ? ಠಾಣೆಯ ಆ ಮಾತನ್ನು ನಾನು ನರ್ಸಿಗೆ ಹೇಳಲಿಲ್ಲ. ಅವಳಿಗೆ ಗೊತ್ತಿರದೆ ಏನು, ಮಗಳಲ್ಲವೇ, ಅಂದುಕೊಂಡೆ.

ಕಳೆದ ಬೇಸಿಗೆಯಲ್ಲಿ ಓನರಮ್ಮ ಹೋಗಿಬಿಟ್ಟರು. ಬೆಳಿಗ್ಗೆ ಅಂಗಳಕ್ಕೆ ನೀರು ಹಾಕುತ್ತಿದ್ದವರು ಹಾಗೇ ಕುಸಿದರು. ನರ್ಸ್ ಓಡಿ ಬಂದು ಎದೆ ಒತ್ತಿದಳು, ನಾನು ಆಟೋ ಕರೆತಂದೆ. ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರ ತಲೆ ಇದ್ದದ್ದು ಅವಳ ತೊಡೆಯ ಮೇಲೆ, ಚಪ್ಪಲಿ ಇದ್ದದ್ದು ನನ್ನ ಕೈಯಲ್ಲಿ.

ಶಿವಗಣಾರಾಧನೆ ಮುಗಿದ ಮರುದಿನ ಅವರ ಅಣ್ಣನ ಮಗ ಬಂದ. ಮನೆ ಈಗ ಅವನದು. "ನೀವು ಇರ್ರಿ ಮೇಡಂ, ನಿಮ್ದು ಸ್ಟೇಷನ್ನಾಗೆ ಬರೆಸಿದಾರೆ" ಎಂದು ನನಗೆ ಹೇಳಿದವನು, ನರ್ಸಿನ ಕಡೆ ತಿರುಗಿ "ನೀನ್ ಯಾರಮ್ಮ?" ಅಂದ. ಕರಾರು ಪತ್ರ ಐತೇನು? ಇಲ್ಲ. ಠಾಣೆಯಲ್ಲಿ ಹೆಸರು? ಇಲ್ಲ. ಒಂಟಿ ಮುದುಕಿಯ ಮನೆಯಲ್ಲಿ ಯಾರೋ ಹೇಳದೆ ಕೇಳದೆ ಸೇರಿಕೊಂಡಿದ್ದಾರೆ ಎಂದು ದೂರು ಕೊಟ್ಟು, ಮಾರನೇ ದಿನ ಆ ಹವಾಲ್ದಾರರನ್ನೇ ಕರೆದುಕೊಂಡು ಬಂದ. ಡ್ಯೂಟಿ ಮುಗಿಸಿ ಬಂದವಳು ಬ್ಯಾಗನ್ನೂ ಇಳಿಸದೆ ಬಾಗಿಲಲ್ಲಿ ನಿಂತಿದ್ದಳು. "ಸಾಮಾನು ತೆಗೀತಿಯೋ, ನಾವೇ ಹೊರಗಿಡಬೇಕೋ?" ಎಂದು ಅವನು ಗದರಿದ. ಅವಳು ತಲೆಯೆತ್ತಿ ಮೆಟ್ಟಿಲ ಮೇಲಿದ್ದ ನನ್ನನ್ನು ನೋಡಿದಳು.

ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಂಜೆಯ ಬಸ್ಸಿಗೆ ಅವಳು ಮಾಗಳಕ್ಕೆ ಹೋಗುತ್ತಿದ್ದಳು. ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ಹೋಗಲಿ ಅನ್ನಿಸಿತು. ಆಮೇಲೆ ಕೆಳಗಿಳಿದು ಬಂದು, ಠಾಣೆಯಲ್ಲಿ ಅವರಾಡಿದ ಮಾತನ್ನು ಒಂದಕ್ಷರ ಬಿಡದೆ ಹೇಳಿದೆ.

"ಹೌದ್ರಿ, ಅಂದಿದ್ರು" ಎಂದರು ಹವಾಲ್ದಾರರು, "ಅವತ್ತು ಮೇಡಂ ಅವರ್ದು ಬರಕೊಂಡಿದ್ದು ನಾನ."

ಅಣ್ಣನ ಮಗ "ನಮ್ಮತ್ತೆ ಹಂಗಂದ್ರಾ?" ಎಂದು ಕೇಳಿ, ಕಟ್ಟೆಯ ಮೇಲೆ ಕೂತು, "ಇರ್ಲಿ ಬಿಡ್ರಿ ಹಂಗಾರೆ" ಅಂದ.

"ಇರ್ಲಿ ಅಂದ್ರ ಆಗಲ್ಲಪ. ಈಗ ಓನರ್ ನೀನು. ನಾಳೆ ಈಯಮ್ಮನ ಕರಕೊಂಡು ಬಂದು ಬರಸು" ಎಂದು ಹವಾಲ್ದಾರರು ಎದ್ದರು.

ಅವರಿಬ್ಬರೂ ಗೇಟು ದಾಟಿದ ಮೇಲೆ ನರ್ಸ್ ನನ್ನ ಕೈ ಹಿಡಿದುಕೊಂಡಳು. "ಖರೇನಾ ಅಕ್ಕಾ? ನನಗ ಒಂದಿನಾನೂ ಹಂಗ ಅಂದಿಲ್ಲ ನೋಡ್ರಿ. ನಿಮ್ದು ಬರಸಿ ನಂದು ಬಿಟ್ರಲ್ಲ, ಇವತ್ತಲ್ಲ ನಾಳಿ ಮನಿ ಬಿಡಸ್ತಾರ ಅಂತ ಮಾಡಿದ್ದೆ. ನಿಮ್ಮನ್ನ ಕಂಡ್ರ ಹೊಟ್ಟಿ ಉರೀತಿತ್ತು ನನಗ. ಇನ್ನೊಂದ್ಸಲ ಹೇಳ್ರಿ ಅಕ್ಕಾ, ಹೆಂಗಂದ್ರು?"

ಹೇಳಿದೆ. ಅವಳು ಅಲ್ಲೇ ಕೂತು, ಹೆತ್ತ ತಾಯಿ ಸತ್ತವರ ಹಾಗೆ ಬಾಯಿ ಬಿಟ್ಟು ಅತ್ತಳು. ಓಣಿಯ ಹೆಂಗಸರೆಲ್ಲ ಬಂದು ಅವಳ ಬೆನ್ನು ಸವರಿದರು. ಬರೀ ಬಾಡಿಗೆಯವಳಾದ ನಾನು ಎಷ್ಟು ಅತ್ತರೆ ಸರಿ ಎಂದು ತಿಳಿಯದೆ ಮೇಲೆ ಹೋಗಿ ಬಾಗಿಲು ಹಾಕಿಕೊಂಡೆ.