ಅಟ್ಟ ಹತ್ತಿದ ಹಿತ್ತಲು

ಪೂರ್ವ ಬೆಳ್ಳಗಾಗುವ ಹೊತ್ತಿಗೆ ನ್ಯಾನಜ್ಜಿ ಅರ್ಧ ಮಡಿ ಸೊಪ್ಪು ಕೊಯ್ದು ಮುಗಿಸಿದ್ದಾರೆ. ಕುಕ್ಕರುಗಾಲಲ್ಲಿ ಕೂತು ಸರಿಯುತ್ತಾ, ಎಡಗೈ ಹಿಡಿ ತುಂಬಿದ ಕೂಡಲೇ ಬಾಳೆನಾರಿನಿಂದ ಒಂದು ಸುತ್ತು, ಒಂದು ಗಂಟು. "ಬಿಸಿಲು ಬಿದ್ಮೇಲೆ ಕೊಯ್ದ ಸೊಪ್ಪು ಮಧ್ಯಾಹ್ನಕ್ಕೇ ತಲೆ ಬಗ್ಗಿಸುತ್ತೆ" ಎನ್ನುತ್ತಾರೆ, ತಲೆ ಎತ್ತದೆ.

ಬೇಲಿಯಾಚೆ ಮಿಯೆನ್ ಬುಟ್ಟಿ ಹಿಡಿದು ನಿಂತಿದ್ದಾಳೆ. ಹುಯೆ ಪೇಟೆಯಲ್ಲಿ ಚಿಪ್ಪಿಕಲ್ಲಿನ ಮಾಂಸ, ಹಸಿ ಸೊಪ್ಪು ಕಲಸಿದ ಅನ್ನ ಮಾರುವವಳು.

"ಅಜ್ಜೀ, ನಿಮ್ಮ ಹೆಸರಿಗೆ ಬಿಡುವು ಅಂತ ಅರ್ಥ ಅಲ್ವಾ? ಇಟ್ಟವರ್‍ಯಾರು?"

"ನಮ್ಮಪ್ಪ ಕಣೇ. ನನ್ನ ನೋಡಿ ಇಟ್ಟಿದ್ದಲ್ಲ, ತನ್ನ ನೋಡ್ಕೊಂಡು ಇಟ್ಟಿದ್ದು!"

ಎಪ್ಪತ್ತೊಂದರ ಅಜ್ಜಿಯ ಹಿತ್ತಲು ಎರಡು ಗುಂಟೆಯೂ ಇಲ್ಲ. ಅದರಲ್ಲೇ ಹದಿನೇಳು ಬಗೆ: ಒಂದೆಲಗ, ಬಸಳೆ, ಪುದೀನ, ಮಜ್ಜಿಗೆಹುಲ್ಲು, ಮೀನಿನ ವಾಸನೆಯ ಎಲೆ, ಚಪ್ಪರಕ್ಕೆ ಹೀರೆ. ದಿನಕ್ಕೆ ತೊಂಬತ್ತು ಕಟ್ಟು. ಹೆಗಲ ಅಡ್ಡೆಯಲ್ಲಿ ಕೊಳದಿಂದ ಮೂವತ್ತು ಸಲ ನೀರು. ಇವೆಲ್ಲಕ್ಕಿಂತ ಹೆಚ್ಚಿನದು ರಾವ್ರಾಮ್, ಕೊತ್ತಂಬರಿಗಿಂತ ಖಾರವಾಗಿ ಘಮ್ಮೆನ್ನುವ ಸಣ್ಣೆಲೆಯ ಸೊಪ್ಪು. ಹತ್ತೊಂಬತ್ತಕ್ಕೆ ಸೊಸೆಯಾಗಿ ಬಂದಾಗ ಅತ್ತೆ ಕೈಹಿಡಿದು ತೋರಿಸಿದ ಮಡಿ ಅದು.

ನಾಲ್ಕು ವರ್ಷದ ಹಿಂದೆ ನೆರೆ ಬಂತು. ಬೆಳಿಗ್ಗೆ ಅಂಗಳದಲ್ಲಿದ್ದ ನೀರು ಮಧ್ಯಾಹ್ನಕ್ಕೆ ಹೊಸ್ತಿಲು ದಾಟಿತು. ಮಗ ದೂರದ ಕಟ್ಟಡದ ಕೆಲಸದಲ್ಲಿದ್ದ. ಮನೆಯಲ್ಲಿ ಅಜ್ಜಿ ಮತ್ತು ಸೊಸೆ ತ್ರಾಮ್ ಇಬ್ಬರೇ. ತ್ರಾಮ್ ಅನ್ನ ದುಡಿಯುವುದು ಹೊಲಿಗೆ ಯಂತ್ರದಿಂದ. "ಅತ್ತೆ, ಮೆಷಿನ್ನಿಗೆ ಒಂದು ಕೈ ಹಾಕಿ!" ಎಂದು ಆಕೆ ಕೂಗುತ್ತಿದ್ದರೆ, ಅಜ್ಜಿ ಸೊಂಟದುದ್ದ ನೀರಲ್ಲಿ ನಿಂತು ಬುಡಸಹಿತ ರಾವ್ರಾಮ್ ಗಿಡ ಕೀಳುತ್ತಿದ್ದರು. ಹನ್ನೊಂದು ಕುಂಡ ಅಟ್ಟ ಸೇರಿತು. ಯಂತ್ರದ ಕಡೆ ತಿರುಗುವಷ್ಟರಲ್ಲಿ ಅದು ಮುಳುಗಿಹೋಗಿತ್ತು.

"ಮೊದಲು ಗಿಡ, ಆಮೇಲೆ ಹಿರಿಯರ ಪಟ, ಕೊನೆಗೆ ನಾನು" ಎಂದು ತ್ರಾಮ್ ಈಗ ನಗುತ್ತಾಳೆ. ಆಗ ನಕ್ಕಿರಲಿಲ್ಲ. ಮೂರು ದಿನ ಒಂದೇ ಅಟ್ಟದ ಮೇಲೆ ಅತ್ತೆಗೆ ಬೆನ್ನು ಹಾಕಿ ಕೂತಿದ್ದಳು.

"ತಪ್ಪು ನಂದೇ" ಎನ್ನುತ್ತಾರೆ ಅಜ್ಜಿ. "ಅವಳ ಕೈ ಕೆಲಸಾನೂ ನನ್ನ ಕೈ ಕೆಲಸದಷ್ಟೇ ದೊಡ್ಡದು. ಆ ಹೊತ್ತಲ್ಲಿ ಹೊಳೀಲಿಲ್ಲ."

ನೀರಿಳಿದಾಗ ಊರ ಹಿತ್ತಲುಗಳೆಲ್ಲ ಗೇಣುದ್ದ ಕೆಸರು. ರಾವ್ರಾಮ್ ಸಿಗದೆ ಮಿಯೆನ್ ಅಂಗಡಿ ಮುಚ್ಚಿದಳು. "ದಕ್ಷಿಣದಿಂದ ದೊಡ್ಡೆಲೆಯ ರಾವ್ರಾಮ್ ತರಿಸ್ದೆ. ಗಿರಾಕಿ ಒಂದು ತುತ್ತು ತಿಂದು, 'ಇದೇನಮ್ಮಾ, ಹುಲ್ಲಾ?' ಅಂದ್ರು."

ಅಜ್ಜಿ ಒಂದು ಕಡೆ ಸೀಮೆಎಣ್ಣೆ ಬಟ್ಟೆ ಹಿಡಿದು ಹನ್ನೆರಡು ದಿನ ಯಂತ್ರದ ಕೆಸರು ಬಿಡಿಸಿದರು, ತಿರುಪು ತಿರುಪಾಗಿ. ಇನ್ನೊಂದು ಕಡೆ ಹನ್ನೊಂದು ಕುಂಡದ ಕಡ್ಡಿ ಮುರಿದು ನೀರಿನ ಬೋಗುಣಿಗಳಲ್ಲಿ ನಿಲ್ಲಿಸಿದರು. ವಾರಕ್ಕೆ ಬಿಳಿ ಬೇರು. ಸುದ್ದಿ ಹಬ್ಬಿತು. ಒಡೆದ ಮಡಕೆ, ಡಬ್ಬ, ಹಳೇ ಹೆಲ್ಮೆಟ್ಟು ಹಿಡಿದು ಜನ ಬಾಗಿಲಿಗೆ ಬಂದರು. ಒಬ್ಬ ದಲ್ಲಾಳಿ, "ಅಷ್ಟೂ ನನಗೇ ಕೊಡಿ, ಕೇಳಿದ ಬೆಲೆ" ಎಂದ. "ನಮ್ಮತ್ತೆ ನಂಗೆ ಮಾರಿದ್ರಾ?" ಎಂದು ಅಜ್ಜಿ ಕಳಿಸಿಬಿಟ್ಟರು. ಕಡ್ಡಿ ಹಂಚುವ ಎರಡನೇ ದಿನ, ಅದುವರೆಗೆ ಮಾತು ಬಿಟ್ಟಿದ್ದ ತ್ರಾಮ್ ಒಳಗಿಂದ ಬಂದು, "ನೀವು ಕೂತ್ಕೊಳ್ಳಿ ಅತ್ತೆ, ನಾನು ಹಂಚ್ತೀನಿ" ಎಂದಳು. ನಲವತ್ಮೂರು ಮನೆಗೆ ಕಡ್ಡಿ ಹೋಯಿತು. ಆ ತಿಂಗಳಲ್ಲೇ ಯಂತ್ರವೂ ಗರಗರ ಎಂದು ತಿರುಗಿತು.

ಹಿತ್ತಲ ಗಿಡ ಮದ್ದಲ್ಲ ಎನ್ನುವ ಮಾತು ಈ ಊರಲ್ಲಿ ನಡೆಯುವುದಿಲ್ಲ. ಮನೆಮನೆಯಲ್ಲೂ ಸೊಪ್ಪಿದ್ದರೆ ನಿಮ್ಮ ವ್ಯಾಪಾರ ಬೀಳುವುದಿಲ್ಲವೇ ಎಂದರೆ ಅಜ್ಜಿ ಮಣ್ಣಿನ ಕೈ ಅಂಗಿಗೆ ಒರೆಸಿಕೊಳ್ಳುತ್ತಾರೆ.

"ಬೀಳ್ಲಿ ಬಿಡಿ. ಈಗ ಊರಲ್ಲಿ ಯಾರ ಮನೇಲಿ ಉಂಡ್ರೂ ನಮ್ಮತ್ತೆ ಕೈ ಘಮ ಬರುತ್ತೆ. ಅವರನ್ನ ಕಣ್ಣಲ್ಲಿ ನೋಡ್ದೇ ಇರೋರೂ ಉಣ್ತಿದಾರೆ."