ದಣಪೆ ಕಂಬದ ಬಾಟ್ಲಿ

ಪೆಟ್ರೋಲ್ ಗಾಡಿಗಳನ್ನು ಹಂತಹಂತವಾಗಿ ನಿಲ್ಲಿಸಬೇಕೆ, ಬೇಡವೆ? ಈ ಜನವರಿಯಲ್ಲಿ ನಮ್ಮೂರ ಗ್ರಾಮಸಭೆಗೆ ಬಂದಿದ್ದ ಇಬ್ಬರು ಕಾಲೇಜು ಹುಡುಗಿಯರು ಈ ಪ್ರಶ್ನೆ ಇದ್ದ ಫಾರಂ ಹಂಚಿದರು. ಹೌದು, ಇಲ್ಲ, ಗೊತ್ತಿಲ್ಲ ಎಂದು ಮೂರು ಚೌಕ. ಅದರ ಕೆಳಗೆ 'ನಿಮ್ಮ ಊರಿನ ಇತರ ಸಮಸ್ಯೆಗಳು' ಎಂದು ನಾಲ್ಕು ಗೆರೆ. ನಮ್ಮೂರಿಗೆ ನಾಲ್ಕು ಗೆರೆ ಯಾವ ಮೂಲೆಗೆ ಸಾಕು? ಒಬ್ಬರು ಮಂಗನ ಕಾಟವನ್ನು ಬರೆಯಲು ಹೊರಟು, ಗೆರೆ ಮುಗಿದರೂ ಸಿಟ್ಟು ಮುಗಿಯದೆ ಹಾಳೆ ಮಗುಚಿ ಬರೆದರು. ಇನ್ನೊಬ್ಬರಿಗೆ ಮೊಬೈಲ್ ಸಿಗ್ನಲ್ಲಿನ ಚಿಂತೆ. ಮತ್ತೊಬ್ಬರು ಎದ್ದು ನಿಂತೇಬಿಟ್ಟರು.

"ಮೊದ್ಲು ಮನೆಗೆ ನೆಟ್ಟಗೆ ಕರೆಂಟ್ ಕೊಡಿ. ಗಾಡಿಗೆ ಕೊಡೋ ಮಾತು ಆಮೇಲೆ ಆಡಣ."

ಇದಕ್ಕೆ ಚಪ್ಪಾಳೆ ಬಿತ್ತು. ನಾನು ಮಾತ್ರ 'ಹೌದು' ಚೌಕಕ್ಕೆ ಗಟ್ಟಿಯಾಗಿ ಗೀಟು ಹಾಕಿ, ಪಕ್ಕದವರಿಗೆ ಕಾಣುವ ಹಾಗೆ ಹಾಳೆ ಹಿಡಿದುಕೊಂಡೆ. ದೀಪಾವಳಿಗೆ ನಾನು ಕರೆಂಟ್ ಸ್ಕೂಟರ್ ಕೊಂಡಿದ್ದೆ. ಊರಿನಲ್ಲಿ ಅದೇ ಮೊದಲನೆಯದು. ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳಿಗೆ ಮೆರೆಯಲು ಇನ್ನೇನಿದೆ?

ಆಗ ಹಿಂದಿನ ಕಂಬದ ಹತ್ತಿರದಿಂದ ಒಂದು ದನಿ ಕೇಳಿತು. "ಎಲ್ಲರೂ ಕರೆಂಟಿಗೆ ಹೋದ್ರೆ, ದಾರೀಲಿ ನಿಂತೋರಿಗೆ ಎಂತ ಕೊಡೋದು?"

ಸಭೆ ನಕ್ಕಿತು. ನಾನು ನಗಲಿಲ್ಲ, ತಿರುಗಿಯೂ ನೋಡಲಿಲ್ಲ. ಅದು ಆಚೆಮನೆ ಅಣ್ಣನ ದನಿ. ಮಾತು ನನ್ನನ್ನೇ ಚುಚ್ಚಲು ಆಡಿದ್ದು ಎಂದು ಮೈ ಉರಿಯಿತು. ನಾವಿಬ್ಬರೂ ಮಾತು ಬಿಟ್ಟು ಎಂಟು ವರ್ಷವಾಗಿತ್ತು.

ಆಚೆಮನೆ ಎಂದರೆ ಗೋಡೆಗೆ ಗೋಡೆ ತಾಗಿದ ಮನೆಯಲ್ಲ. ನಮ್ಮ ಕಡೆ ನಡುವೆ ಒಂದು ಗುಡ್ಡ ಇದ್ದರೂ ಆಚೆಮನೆಯೇ. ಹೊಸನಗರದಿಂದ ನಗರವೆಂಬ ಊರಿಗೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ಮೊದಲು ಅವರ ಮನೆ, ಆಮೇಲೆ ಉಸಿರು ಕಟ್ಟಿಸುವ ಏರು, ಏರು ಇಳಿದರೆ ನಮ್ಮದು. ನಾನು ಮದುವೆಯಾಗಿ ಇಲ್ಲಿಗೆ ಬಂದು, ಮೂರು ಮೈಲಿ ದೂರದ ಶಾಲೆಗೆ ನೇಮಕವಾದಾಗ, ನನ್ನ ಗಂಡ ಸಾಗರದಿಂದ ಒಂದು ಮೊಪೆಡ್ ತಂದುಕೊಟ್ಟರು. ತಂದುಕೊಟ್ಟರು ಅಷ್ಟೇ. ಅವರಿಗೇ ಬಿಡಲು ಬರುತ್ತಿರಲಿಲ್ಲ. ಕಲಿಸಿದ್ದು ಆಚೆಮನೆ ಅಣ್ಣ. ಶಾಲೆಯ ಬಯಲಿನಲ್ಲಿ, ಭಾನುವಾರ ಬೆಳಗ್ಗೆ, ಲುಂಗಿ ಎತ್ತಿ ಕಟ್ಟಿಕೊಂಡು ಕ್ಯಾರಿಯರ್ ಹಿಡಿದು ಹಿಂದೆ ಓಡುತ್ತಿದ್ದರು. "ಮುಂದೆ ನೋಡಿ ಅಕ್ಕೋರೇ, ಚಕ್ರ ನೋಡ್ಬೇಡಿ!" ಎಂದು ಕೂಗುತ್ತಿದ್ದರು. ಒಂದು ದಿನ ದನಿ ದೂರದಿಂದ ಕೇಳಿತು. ಕೈಬಿಟ್ಟು ಎಷ್ಟು ಹೊತ್ತಾಗಿತ್ತೋ, ನಾನೊಬ್ಬಳೇ ಬಿಡುತ್ತಿದ್ದೆ. ಗೊತ್ತಾದ ಕೂಡಲೇ ಬಿದ್ದೆ, ಆ ಮಾತು ಬೇರೆ. ಅವರ ಹೆಂಡತಿ ಬೇಲಿಯಾಚೆ ನಿಂತು ನಕ್ಕು, ಮೊಣಕೈಗೆ ಅರಿಸಿನ ಹಚ್ಚಿದರು.

ಆ ಕಾಲಕ್ಕೆ ಪೆಟ್ರೋಲ್ ಬೇಕೆಂದರೆ ಹೊಸನಗರ ಪೇಟೆಗೇ ಹೋಗಬೇಕು. ದಾರಿಯಲ್ಲಿ ಖಾಲಿಯಾದರೆ ದೇವರೇ ಗತಿ. ಅದಕ್ಕೆ ನಮ್ಮ ಸೀಮೆಯಲ್ಲಿ ಒಂದು ಪದ್ಧತಿ ಬೆಳೆದಿತ್ತು. ಗಾಡಿ ಇದ್ದ ಪ್ರತಿ ಮನೆಯವರೂ ದಣಪೆಯ ಕಂಬಕ್ಕೆ, ಅಂದರೆ ಅಡ್ಡ ಹಾಕಿದ ಬಿದಿರ ಗಳು ಸರಿಸಿ ಒಳಗೆ ಹೋಗುವ ಬಾಗಿಲಿನ ಕಂಬಕ್ಕೆ, ಒಂದು ಬಾಟ್ಲಿ ಪೆಟ್ರೋಲ್ ಕಟ್ಟಿಡುತ್ತಿದ್ದರು. ಮನೆಯೊಳಗೆ ಇಟ್ಟರೆ ಬೆಂಕಿಯ ಭಯ, ಕೊಟ್ಟಿಗೆಯಲ್ಲಿಟ್ಟರೆ ಹುಲ್ಲಿನ ಭಯ. ಬಿಸಿಲು ತಾಗದಿರಲೆಂದು ಮೇಲಿಂದ ಅಡಿಕೆ ಹಾಳೆಯ ಟೋಪಿ. ದಾರಿಯಲ್ಲಿ ನಿಂತವರು ಗಾಡಿ ತಳ್ಳಿಕೊಂಡು ಬಂದು, ಸುರಿದುಕೊಂಡು, ಬಾಟ್ಲಿ ಅಲ್ಲೇ ತೂಗುಹಾಕಿ ಹೋಗುತ್ತಿದ್ದರು. ಕೇಳಬೇಕಾಗಿರಲಿಲ್ಲ, ಹೇಳಬೇಕಾಗಿರಲಿಲ್ಲ, ತಂದು ತುಂಬಬೇಕಾಗಿಯೂ ಇರಲಿಲ್ಲ. ನಮ್ಮ ಮನೆಯ ಕಂಬದ ಬಾಟ್ಲಿಯನ್ನು ನಾವು ತುಂಬಿಟ್ಟುಕೊಂಡರೆ ಆಯಿತು. ಒಮ್ಮೆ ಚುನಾವಣೆ ಡ್ಯೂಟಿಗೆಂದು ಮೊಪೆಡ್ಡನ್ನು ಲಾಂಚಿಗೆ ಹಾಕಿಕೊಂಡು ತುಮರಿಗೆ ಹೋಗಿದ್ದೆ. ಹಿನ್ನೀರು ದಾಟಿ ಎರಡು ತಿರುವು ಹೋಗುವಷ್ಟರಲ್ಲಿ ಪೆಟ್ರೋಲ್ ಮುಗಿಯಿತು. ಗುರುತಿಲ್ಲದ ಊರು. ಸುತ್ತ ಕಣ್ಣಾಡಿಸಿದರೆ, ಯಾರದೋ ದಣಪೆ ಕಂಬದಲ್ಲಿ ಹಾಳೆ ಟೋಪಿ ಕಂಡಿತು. ತವರುಮನೆ ಕಂಡಷ್ಟು ಸಂತೋಷವಾಯಿತು.

ಒಂದು ವಿಷಯ ಇಲ್ಲೇ ಹೇಳಿಬಿಡಬೇಕು. ಆಗಿನ ಮೊಪೆಡ್, ಸ್ಕೂಟರುಗಳಿಗೆ ಬರೀ ಪೆಟ್ರೋಲ್ ಹಾಕುವಂತಿರಲಿಲ್ಲ. ಅದಕ್ಕೆಂದೇ ಸಿಗುವ ಆಯಿಲ್ ಬೆರೆಸಬೇಕಿತ್ತು, ಇಲ್ಲದಿದ್ದರೆ ಇಂಜಿನ್ ಸುಟ್ಟುಹೋಗುತ್ತಿತ್ತು. ಹಾಗಾಗಿ ಎಲ್ಲರ ಬಾಟ್ಲಿಯಲ್ಲೂ ಆಯಿಲ್ ಬೆರೆಸಿದ ಪೆಟ್ರೋಲೇ ಇರುತ್ತಿತ್ತು. ಎಳೆ ಹಸಿರು ಬಣ್ಣ. ಆಮೇಲೆ ಬಂದ ಬೈಕುಗಳಿಗೆ ಆ ರಗಳೆ ಇಲ್ಲ. ಅವಕ್ಕೆ ಬೆರೆಸಿದ್ದು ಹಾಕಿದರೆ ಹೊಗೆ ಕಾರಿ ಕೆಟ್ಟು ಕೂರುತ್ತವೆ. ಊರಿನವರೆಲ್ಲ ಒಬ್ಬೊಬ್ಬರಾಗಿ ಬೈಕು ಕೊಂಡರು, ಆಚೆಮನೆ ಅಣ್ಣನೂ ಕೊಂಡರು. ನಾನೊಬ್ಬಳು ಮಾತ್ರ ಅದೇ ಮೊಪೆಡ್ಡಿಗೆ ಜೋತುಬಿದ್ದಿದ್ದೆ.

ಇನ್ನು ಮಾತು ಬಿಟ್ಟ ಕತೆ. ಹತ್ತು ವರ್ಷದ ಹಿಂದೆ, ಆಷಾಢದ ಒಂದು ಬೆಳಗ್ಗೆ, ಅಣ್ಣನ ಹೆಂಡತಿಗೆ, ಆಚೆಮನೆ ಅತ್ತಿಗೆಗೆ, ಎದೆನೋವು ಬಂತು. ಜೀಪು ಸಿಕ್ಕಿತು, ರಸ್ತೆ ಸಿಗಲಿಲ್ಲ. ಆಗ ನಮ್ಮದು ಮಣ್ಣಿನ ದಾರಿ. ಕೆಸರಿನಲ್ಲಿ ಚಕ್ರ ಹೂತು, ಕಲ್ಲು ಹಾಕಿ, ಸೊಪ್ಪು ಹಾಕಿ, ಗಂಡಸರೆಲ್ಲ ನೂಕಿ ಡಾಂಬರು ರಸ್ತೆ ಮುಟ್ಟಿಸುವಷ್ಟರಲ್ಲಿ ಎರಡು ಗಂಟೆ ಹೋಯಿತು. ಅತ್ತಿಗೆಯ ತಲೆ ನನ್ನ ತೊಡೆಯ ಮೇಲಿತ್ತು. ಆಸ್ಪತ್ರೆಯ ಗೇಟು ಅವರು ನೋಡಲಿಲ್ಲ.

ಎರಡು ವರ್ಷದ ಮೇಲೆ ಡಾಂಬರು ರಸ್ತೆ ಮಂಜೂರಾಯಿತು. ಅಗಲ ಮಾಡಬೇಕೆಂದರೆ ತಿರುವಿನ ಅಪ್ಪೆಮಿಡಿ ಮರ ಹೋಗಬೇಕು. ಇಡೀ ಊರಿನ ಉಪ್ಪಿನಕಾಯಿ ಜಾಡಿ ತುಂಬುತ್ತಿದ್ದ ಮರ ಅದು. ಮಿಡಿ ಮುರಿದರೆ ಸೊನೆಯ ಪರಿಮಳ ಕೈಯಲ್ಲಿ ಎರಡು ದಿನ ಉಳಿಯುತ್ತಿತ್ತು. ನಾನು ಸಭೆಯಲ್ಲಿ ಮರದ ಪರ ನಿಂತೆ. ಆಚೆಮನೆ ಅಣ್ಣ ರಸ್ತೆಯ ಪರ ನಿಂತರು. ಮಾತಿಗೆ ಮಾತು ಬೆಳೆಯಿತು. ಬೇರೆ ದಾರಿ ಹುಡುಕಿ ಎಂದು ನಾನು, ಇನ್ನು ಹುಡುಕಿದ್ದು ಸಾಕು ಎಂದು ಅವರು. ಕೊನೆಗೆ ನನ್ನ ಬಾಯಿಂದ ಆ ಮಾತು ಬಂತು.

"ಈಗ ರಸ್ತೆ ಮಾಡಿದ್ರೆ ಹೋದೋರು ವಾಪಸ್ ಬರ್ತಾರಾ?"

ಅವರು ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಗೆ ಹೋದರು. ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದವಳೇ ಆಡಿದ ಮಾತು ಅದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮಕ್ಕಳಿಗೆ ಎಷ್ಟು ಸಲ ಬೋರ್ಡಿನ ಮೇಲೆ ಬರೆಸಿದ್ದೆನೋ. ಮರುದಿನವೇ ಹೋಗಿ ತಪ್ಪಾಯಿತು ಎನ್ನಬೇಕಿತ್ತು. ಇವತ್ತು ನಾಳೆ ಎಂದು ದಿನ ದೂಡಿದೆ. ಮರ ಉರುಳಿದಾಗ ಸಿಟ್ಟು ಮತ್ತೆ ಏರಿತು. ಆಮೇಲೆ ನಾಚಿಕೆ ಬಂತು. ನಾಚಿಕೆ ಹಳೆಯದಾದಷ್ಟೂ ಗಟ್ಟಿ.

ಮಾತು ಬಿಟ್ಟರೂ ನಾನು ಅವರ ಬಾಟ್ಲಿ ಬಿಡಲಿಲ್ಲ. ಪೇಟೆಯಿಂದ ಬರುವಾಗ ಏರಿಗೆ ಮುಂಚೆ ಮೊಪೆಡ್ ಕೆಮ್ಮಿದರೆ, ಅವರ ಕಂಬದ ಬಾಟ್ಲಿ ಬಿಚ್ಚಿ ಸುರಿದುಕೊಂಡು ಹೊರಡುತ್ತಿದ್ದೆ. ಅದಕ್ಕೆ ಮಾತೇಕೆ ಬೇಕು? ಅವರು ಮಾತ್ರ ಈ ಎಂಟು ವರ್ಷದಲ್ಲಿ ನಮ್ಮ ಬಾಟ್ಲಿ ಮುಟ್ಟಲಿಲ್ಲ. ಒಮ್ಮೆ ಅವರ ಬೈಕು ಸರಿಯಾಗಿ ನಮ್ಮ ದಣಪೆ ಎದುರೇ ನಿಂತಿತು. ಬಾಟ್ಲಿ ಕಣ್ಣೆದುರು ತುಂಬಿ ತೂಗುತ್ತಿದೆ. ಒಂದು ಕ್ಷಣ ಅದನ್ನು ನೋಡಿ, ಸುಡುಬಿಸಿಲಿನಲ್ಲಿ ಬೈಕನ್ನು ಏರಿನ ಮೇಲೆ ತಳ್ಳಿಕೊಂಡೇ ಹೋದರು.

"ಸೊಕ್ಕು ನೋಡಿ," ಎಂದೆ ಗಂಡನಿಗೆ.

"ಇಬ್ರದ್ದೂ ಕಾಣ್ತಾ ಉಂಟು," ಎಂದರು ಅವರು, ಪೇಪರಿನಿಂದ ತಲೆ ಎತ್ತದೆ.

ಕರೆಂಟ್ ಸ್ಕೂಟರ್ ಬಂದ ಮೇಲೆ ನಮ್ಮ ಕಂಬದ ಬಾಟ್ಲಿ ಬಿಚ್ಚಿ ಬಿಸಾಡಿದೆ. ಮೊಪೆಡ್ ಕೊಟ್ಟಿಗೆ ಸೇರಿತು. ಇನ್ನು ಯಾರ ಹಂಗೂ ಬೇಡ ಎಂದುಕೊಂಡೆ.

ಮಾರ್ಚಿನಲ್ಲಿ ತೀರ್ಥಹಳ್ಳಿಯ ನನ್ನ ತಂಗಿಗೆ ಸ್ಕೂಟರ್ ತೋರಿಸುವ ಉಮೇದು ಹತ್ತಿತು. ಬಸ್ಸಿನಲ್ಲಿ ಹೋಗು ಎಂದು ಗಂಡ ಹೇಳಿದರು. ಕೇಳಿದರೆ ತಾನೆ? ಹೋದೆ, ತಂಗಿಯ ಬೀದಿಯಲ್ಲಿ ಎರಡು ಸುತ್ತು ಹೊಡೆದೆ, ಒಂದು ರಾತ್ರಿ ಉಳಿದು ಹೊರಟೆ. ಅಲ್ಲಿ ಚಾರ್ಜಿಗೆ ಹಾಕಿದವಳು ಸ್ವಿಚ್ ಹಾಕಲು ಮರೆತಿದ್ದೆ. ಹೊಸನಗರ ದಾಟುವಾಗ ಕೆಂಪು ಗೆರೆ ಕಂಡಿತು. ಒಳದಾರಿಗೆ ತಿರುಗಿ ಸ್ವಲ್ಪ ದೂರ ಬರುವಷ್ಟರಲ್ಲಿ ಗಾಡಿ ಉಸಿರೆತ್ತದೆ ನಿಂತಿತು. ಎಲ್ಲಿ ಎಂದು ಹೇಳಬೇಕೆ? ಆಚೆಮನೆ ದಣಪೆಯ ಎದುರು.

ಹನ್ನೆರಡರ ಬಿಸಿಲು. ಮುಂದೆ ಏರು, ನನಗೆ ಮೊಣಕಾಲು ನೋವು, ಫೋನಿಗೆ ಸಿಗ್ನಲ್ ಇಲ್ಲ. ಕಂಬದಲ್ಲಿ ಹಾಳೆ ಟೋಪಿ ಹಾಕಿಕೊಂಡು ಬಾಟ್ಲಿ ತೂಗುತ್ತಿತ್ತು. ಅದನ್ನು ನೋಡುತ್ತಾ ಎಷ್ಟೋ ಹೊತ್ತು ನಿಂತೆ. ಪೆಟ್ರೋಲನ್ನು ಬಾಯಿಬಿಡದೆ ತೆಗೆದುಕೊಂಡು ಹೋಗಬಹುದು. ಕರೆಂಟಿಗೆ ಒಳಗೆ ಹೋಗಿ ಕೇಳಲೇಬೇಕು.

ಅವರು ಅಂಗಳದಲ್ಲಿ ಕಾಳುಮೆಣಸು ಒಣಗಿಸಿ, ಕಾಲಿನಿಂದ ಕೆದರುತ್ತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ದಿನಾ ದಾರಿಯಲ್ಲಿ ಕಂಡರೂ ನಾನು ಅದನ್ನು ನೋಡಿರಲಿಲ್ಲ.

"ಸ್ವಲ್ಪ ಕರೆಂಟ್ ಬೇಕಿತ್ತು," ಎಂದೆ. ಎಂಟು ವರ್ಷದ ಮೇಲೆ ಆಡಿದ ಮೊದಲ ಮಾತು ಇದು.

ಅವರು ಕಾಲು ನಿಲ್ಲಿಸಿದರು. "ಕರೆಂಟ್ ಇಲ್ಲ." ಸ್ವಲ್ಪ ತಡೆದು, "ಲೈನ್ ಕೆಲಸ ಅಂತೆ. ಮೂರು ಗಂಟೆಗೆ ಬರ್ತದೆ. ಕೂತ್ಕಳಿ ಅಕ್ಕೋರೇ."

ಸೊಸೆ ಬೆಲ್ಲ, ನೀರು ತಂದಿಟ್ಟಳು. ಹೊತ್ತಾದ ಮೇಲೆ ಊಟಕ್ಕೆ ಎಬ್ಬಿಸಿದಳು. ಬೇಡ ಎನ್ನುವ ಮುಖ ನನಗಿರಲಿಲ್ಲ. ಊಟದ ಜಾಗದ ಎದುರಿಗೇ ಅತ್ತಿಗೆಯ ಫೋಟೋ. ಕೈತೊಳೆದು ಬಂದಾಗ ಅವರು ಮತ್ತೆ ಅಂಗಳದಲ್ಲಿದ್ದರು. ಜಗಲಿಯ ಕಂಬ ಹಿಡಿದುಕೊಂಡು ನಿಂತೆ.

"ಅಣ್ಣಾ, ಅವತ್ತು ಸಭೇಲಿ ನಾನು ಹಾಗೆ ಹೇಳಬಾರದಿತ್ತು. ತಪ್ಪಾಯ್ತು."

ಅವರು ಮೆಣಸು ಕೆದರುತ್ತಲೇ ಇದ್ದರು. ಕೇಳಿಸಲಿಲ್ಲವೇನೋ ಎಂದುಕೊಂಡೆ.

"ಸುಳ್ಳು ಹೇಳ್ಲಿಲ್ವಲ್ಲ ನೀವು," ಎಂದರು. "ವಾಪಸ್ ಬರ್ಲಿಲ್ಲ."

ಅಂಗಳದ ಆ ಬದಿಯವರೆಗೂ ಕೆದರುತ್ತಾ ಹೋಗಿ, ತಿರುಗಿ ಬಂದರು. "ರಸ್ತೆ ಆದ ಮರುದಿನ ಒಬ್ಬನೇ ಬೈಕಲ್ಲಿ ಆಸ್ಪತ್ರೆ ಗೇಟಿನ ತನಕ ಹೋಗಿ ಬಂದೆ. ಎಷ್ಟು ಹೊತ್ತು ಹಿಡೀತದೆ ನೋಡಣ ಅಂತ. ಇಪ್ಪತ್ತೆರಡು ನಿಮಿಷ."

ಇಬ್ಬರೂ ಮೆಣಸು ನೋಡುತ್ತಾ ಕೂತೆವು. ಆಮೇಲೆ ಅವರೇ ಅಪ್ಪೆಮಿಡಿಯ ಮಾತು ತೆಗೆದರು. ಅದರ ಜೊತೆ ಜಾಡಿ ಕಟ್ಟುವಾಗಿನ ಅತ್ತಿಗೆಯ ಮಾತು ಬಂತು. ನಾನು ಬಯಲಿನಲ್ಲಿ ಬಿದ್ದದ್ದೂ ಬಂತು. ಬಿದ್ದದ್ದನ್ನು ಅವರು ನಾಲ್ಕು ಸಲ ಎಂದರು, ನಾನು ಎರಡೇ ಸಲ ಎಂದೆ. ಮೂರಕ್ಕೆ ಕರೆಂಟ್ ಬಂತು. ಚಾರ್ಜರ್ ಸಿಕ್ಕಿಸಿದೆವು. ಏರು ಹತ್ತುವಷ್ಟು ತುಂಬಲು ಇನ್ನೊಂದು ಗಂಟೆ ಬೇಕಾಯಿತು. ಪೆಟ್ರೋಲಾಗಿದ್ದರೆ ಎರಡು ನಿಮಿಷದಲ್ಲಿ ಮುಖ ತಿರುಗಿಸಿಕೊಂಡು ಹೋಗಿರುತ್ತಿದ್ದೆ.

ಹೊರಡುವಾಗ ದಣಪೆಯ ತನಕ ಬಂದರು. ಗಾಡಿ ಹೊರಗಿಟ್ಟು ಗಳು ಹಾಕುವಾಗ ಹಾಳೆ ಟೋಪಿ ಕೈತಾಗಿ ಬಿತ್ತು. ಇಳಿಬಿಸಿಲು ಬಾಟ್ಲಿಯ ಮೇಲೆ ಬಿದ್ದು ಒಳಗಿನ ಪೆಟ್ರೋಲ್ ಹೊಳೆಯಿತು. ಎಳೆ ಹಸಿರು.

ನನಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅದರಲ್ಲಿ ಆಯಿಲ್ ಬೆರೆಸಿತ್ತು. ಅಂಗಳದಲ್ಲಿ ನಿಂತಿದ್ದ ಅವರ ಬೈಕಿಗೆ ಅದು ಬರುವುದಿಲ್ಲ. ಊರಿನ ಯಾವ ಬೈಕಿಗೂ ಬರುವುದಿಲ್ಲ. ಬರುತ್ತಿದ್ದದ್ದು ನನ್ನ ಮೊಪೆಡ್ ಒಂದಕ್ಕೇ. ಮಾತು ಬಿಟ್ಟ ಎಂಟು ವರ್ಷವೂ ನಾನು ಈ ಬಾಟ್ಲಿಯಿಂದ ಸುರಿದುಕೊಂಡು, ಒಂದು ದಿನವಾದರೂ ಇಂಜಿನ್ ಸುಡಲಿಲ್ಲವಲ್ಲ ಎಂದು ಯೋಚಿಸಿರಲಿಲ್ಲ. ನಮ್ಮ ಬಾಟ್ಲಿಯನ್ನು ಅವರು ಮುಟ್ಟದೆ ಹೋದದ್ದಕ್ಕೂ ಕಾರಣ ಅದೇ. ನಾನು ನನ್ನ ಗಾಡಿಗೆ ಬೇಕಾದಂತೆ ಬೆರೆಸಿಟ್ಟಿದ್ದೆ. ಅವರೂ ನನ್ನ ಗಾಡಿಗೆ ಬೇಕಾದಂತೆಯೇ ಬೆರೆಸಿಟ್ಟಿದ್ದರು.

"ಅಣ್ಣಾ, ನಾನು ಮೊಪೆಡ್ ಬಿಟ್ಟು ಐದು ತಿಂಗಳಾಗ್ತಾ ಬಂತು," ಎಂದೆ. "ಇದಕ್ಕೆ ಇನ್ನೂ ಯಾಕೆ ಆಯಿಲ್?"

ಅವರು ಹಾಳೆ ಟೋಪಿ ಎತ್ತಿ, ಧೂಳು ಕೊಡವಿ, ಬಾಟ್ಲಿಗೆ ಮತ್ತೆ ಹಾಕಿದರು.

"ಕೈ ರೂಢಿ," ಎಂದರು.

ನಾನು ಹೆಲ್ಮೆಟ್ ಹಾಕಿಕೊಂಡು ಗಾಜು ಇಳಿಸಿದೆ. ಅಳುವವರಿಗೆ ಅದೊಂದು ಅನುಕೂಲ. ಸ್ಕೂಟರ್ ಸದ್ದಿಲ್ಲದೆ ಹೊರಟಿತು. ಏರಿನ ಅರ್ಧದವರೆಗೂ ಹಿಂದಿನಿಂದ ಅವರ ದನಿ ಕೇಳುತ್ತಿತ್ತು.

"ಮುಂದೆ ನೋಡಿ ಅಕ್ಕೋರೇ!"